ಗೋ ಆಟದಲ್ಲಿ ನಡೆಯ ಕಾಲನಿರ್ಣಯ: ಅಂತ್ಯಘಟ್ಟದ ಒಂದು ಸಮಸ್ಯೆಯ ವಿಶ್ಲೇಷಣೆ

೧. ಪ್ರಸ್ತಾವನೆ

ಹಲಗೆಯ ಮುಂದೆ ಕುಳಿತ ಆಟಗಾರನು ತನ್ನ ಸರದಿ ಬಂದಾಗಲೆಲ್ಲ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ: ಎಲ್ಲಿ ಆಡಬೇಕು, ಯಾವಾಗ ಆಡಬೇಕು. ಮೊದಲನೆಯ ಪ್ರಶ್ನೆಯನ್ನು ಕುರಿತು ಗೋ ಆಟದ ಗ್ರಂಥಗಳಲ್ಲಿ ವಿಪುಲವಾದ ವಿವೇಚನೆ ದೊರೆಯುತ್ತದೆ. ಎರಡನೆಯದಕ್ಕಾದರೋ ಬಹುಕಾಲದವರೆಗೆ ಅನುಭವಸ್ಥರ ಸೂತ್ರಪ್ರಾಯವಾದ ಮಾತುಗಳೇ ಆಧಾರವಾಗಿದ್ದುವು. ಅವುಗಳಲ್ಲಿ ಎರಡು ಮುಖ್ಯವಾದುವು. ಅತ್ಯಂತ ದೊಡ್ಡ ನಡೆಯನ್ನು ಮೊದಲು ಆಡಬೇಕೆಂಬುದು ಒಂದು. ಎದುರಾಳಿಯು ಉತ್ತರ ಕೊಡಲೇಬೇಕಾದಂಥ ನಡೆಯನ್ನು ಮೊದಲು ಆಡಿ ಲಾಭವನ್ನು ಕೈಗೆ ತೆಗೆದುಕೊಳ್ಳಬೇಕೆಂಬುದು ಇನ್ನೊಂದು. ಎರಡೂ ವಿವೇಕದ ಮಾತುಗಳೇ. ಆದರೆ ಒಂದೇ ಸನ್ನಿವೇಶದಲ್ಲಿ ಇವೆರಡೂ ಆಟಗಾರನನ್ನು ಸೋಲಿಗೆ ಒಯ್ಯಬಹುದೆಂಬುದನ್ನು ತೋರಿಸುವುದೂ, ಅವುಗಳಿಗಿಂತ ಖಚಿತವಾದ ನಿಯಮವೊಂದನ್ನು ವಿವರಿಸುವುದೂ, ಆ ನಿಯಮಕ್ಕೂ ಇರುವ ಮಿತಿಯನ್ನು ಗುರುತಿಸುವುದೂ ಈ ಲೇಖನದ ಉದ್ದೇಶ. ಕೂಡುವ ಕಳೆಯುವ ಲೆಕ್ಕಕ್ಕಿಂತ ಹೆಚ್ಚಿನ ಗಣಿತ ಇಲ್ಲಿ ಬೇಕಾಗಿಲ್ಲ. ಕಾಗದ, ಸೀಸದಕಡ್ಡಿಗಳಿದ್ದರೆ ವಾಚಕರು ಪ್ರತಿಯೊಂದು ಹಂತವನ್ನೂ ತಾವೇ ಪರೀಕ್ಷಿಸಿ ನೋಡಬಹುದು.

೨. ಆಟದ ಸ್ವರೂಪ

ಗೋ ಚೀನಾದೇಶದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಹುಟ್ಟಿ, ಕೊರಿಯ ಜಪಾನುಗಳಲ್ಲಿ ಬೆಳೆದ ಆಟ. ಅಡ್ಡಡ್ಡಲಾಗಿ ೧೯, ಉದ್ದುದ್ದವಾಗಿ ೧೯ ಗೆರೆಗಳನ್ನೆಳೆದ ಹಲಗೆಯ ಮೇಲೆ ಇದನ್ನು ಆಡುತ್ತಾರೆ. ಚದುರಂಗದಲ್ಲಿ ಕಾಯಿಗಳು ಮನೆಗಳ ಒಳಗಿರುತ್ತವೆ. ಇಲ್ಲಿ ನಮ್ಮ ಹುಲಿ-ಕುರಿ ಆಟದಲ್ಲಿರುವಂತೆ ಗೆರೆಗಳು ಕೂಡುವೆಡೆಯಲ್ಲಿ ಕಾಯಿಯನ್ನಿಡುತ್ತಾರೆ. ಅಂಥ ಬಿಂದುಗಳು ಒಟ್ಟು ೩೬೧. ಒಬ್ಬನದು ಕಪ್ಪು ಕಾಯಿ, ಇನ್ನೊಬ್ಬನದು ಬಿಳಿ. ಕಪ್ಪು ಮೊದಲು ಆಡುತ್ತದೆ. ಅನಂತರ ಸರದಿಯಂತೆ ಒಂದೊಂದು ಕಾಯಿ. ಒಮ್ಮೆ ಇಟ್ಟ ಕಾಯಿ ಕದಲುವುದಿಲ್ಲ. ಅದರ ಪಕ್ಕದ ಖಾಲಿ ಬಿಂದುಗಳೆಲ್ಲವನ್ನೂ ಎದುರಾಳಿ ಮುಚ್ಚಿದರೆ ಮಾತ್ರ ಅದು ಸೆರೆಯಾಗಿ ಹಲಗೆಯಿಂದ ಹೊರಗೆ ಹೋಗುತ್ತದೆ. ಕೊನೆಯಲ್ಲಿ, ತನ್ನ ಕಾಯಿಗಳಿಂದ ಸುತ್ತುವರಿದ ಖಾಲಿ ಬಿಂದುಗಳನ್ನೂ ಸೆರೆಸಿಕ್ಕ ಕಾಯಿಗಳನ್ನೂ ಎಣಿಸಿದಾಗ ಯಾರದು ಹೆಚ್ಚೋ ಅವರು ಗೆದ್ದಂತೆ. ಮೊದಲು ಆಡುವುದರಿಂದ ಕಪ್ಪಿಗೆ ಒದಗುವ ಅನುಕೂಲಕ್ಕೆ ಪ್ರತಿಯಾಗಿ ಬಿಳಿಗೆ ಕೆಲವು ಅಂಕಗಳನ್ನು ಕೊಡುತ್ತಾರೆ. ಇದಕ್ಕೆ ಕೋಮಿ ಎಂದು ಹೆಸರು. ಜಪಾನಿನಲ್ಲಿ ಈಗ ಅದು ಆರೂವರೆ ಅಂಕ. ಅರ್ಧ ಅಂಕವಿರುವುದರಿಂದ ಆಟ ಸಮನಾಗುವಂತಿಲ್ಲ. ಅರ್ಧ ಅಂಕದಿಂದ ಗೆದ್ದರೂ ಗೆಲವೇ, ಸೋತರೂ ಸೋಲೇ.

ಆಟದ ಕೊನೆಯ ಭಾಗದಲ್ಲಿ ಪ್ರದೇಶಗಳ ಮೇರೆಗಳು ಬಹುಮಟ್ಟಿಗೆ ಗೊತ್ತಾಗಿ, ಅಲ್ಲಲ್ಲಿ ಮುಚ್ಚದೆ ಉಳಿದ ಎಡೆಗಳು ಮಾತ್ರ ಇರುತ್ತವೆ. ಒಂದೆಡೆಯ ಆಟ ಇನ್ನೊಂದೆಡೆಯ ಫಲವನ್ನು ನೇರವಾಗಿ ಬದಲಾಯಿಸುವುದಿಲ್ಲ. ಅವನ್ನು ಬೆಸೆಯುವುದು ಸರದಿಯೊಂದೇ: ಇಲ್ಲಿ ಆಡಿದವನು ಆ ಸರದಿಯಲ್ಲಿ ಅಲ್ಲಿ ಆಡಲಾರ. ಕಾಲನಿರ್ಣಯದ ಸಮಸ್ಯೆಯೆಲ್ಲ ಹುಟ್ಟುವುದು ಇಲ್ಲಿಂದಲೇ.

೩. ನಡೆಯ ಅಳತೆ

ನಡೆಗಳನ್ನು ಹೋಲಿಸಬೇಕಾದರೆ ಮೊದಲು ಅವನ್ನು ಅಳೆಯಬೇಕು. ಒಂದು ಸರಳವಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಪ್ಪು ಕಾಯಿಗಳ ಗೋಡೆಗಳ ನಡುವೆ ಒಂದು ಬಿಂದುವಿನಷ್ಟು ಅಗಲವಾದ ಓಣಿಯಿದೆ. ಅದರ ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಯಲ್ಲಿ ಬಿಳಿ ಕಾಯಿ ನಿಂತಿದೆ. ಗೋಡೆಗಳು ಭದ್ರವಾಗಿವೆಯೆಂದು ಇಟ್ಟುಕೊಳ್ಳೋಣ. ಓಣಿಯಲ್ಲಿ ಉಳಿದಿರುವುದು ಒಂದೇ ಖಾಲಿ ಬಿಂದುವಾದರೆ, ಅಲ್ಲಿ ಯಾರು ಆಡಿದರೂ ಯಾರಿಗೂ ಪ್ರದೇಶ ದೊರೆಯುವುದಿಲ್ಲ; ಅದರ ಬೆಲೆ ಸೊನ್ನೆ. ಎರಡು ಖಾಲಿ ಬಿಂದುಗಳಿದ್ದರೆ, ಕಪ್ಪು ಬಾಯಿಯನ್ನು ಮುಚ್ಚಿದಾಗ ಒಳಗೆ ಒಂದು ಅಂಕ ಉಳಿಯುತ್ತದೆ. ಬಿಳಿ ಒಳಹೊಕ್ಕರೆ ಏನೂ ಉಳಿಯುವುದಿಲ್ಲ. ಯಾರು ಮೊದಲು ಆಡುವರೆಂಬುದು ತಿಳಿಯದಿರುವಾಗ ಅದರ ಬೆಲೆ ಒಂದು ಮತ್ತು ಸೊನ್ನೆಗಳ ಸರಾಸರಿ, ಎಂದರೆ ಅರ್ಧ ಅಂಕ. ಅಲ್ಲಿ ಆಡಿದವನು ಈ ಸರಾಸರಿಯನ್ನು ತನ್ನ ಕಡೆಗೆ ಅರ್ಧ ಅಂಕದಷ್ಟು ಎಳೆದುಕೊಳ್ಳುತ್ತಾನೆ. ಆದ್ದರಿಂದ ಆ ನಡೆಯ ಬೆಲೆಯೂ ಅರ್ಧವೇ.

ಮೂರು ಖಾಲಿ ಬಿಂದುಗಳ ಓಣಿಯಲ್ಲಿ ಕಪ್ಪು ಬಾಯಿ ಮುಚ್ಚಿದರೆ ಎರಡು ಅಂಕ. ಬಿಳಿ ಒಳಹೊಕ್ಕರೆ ಎರಡು ಬಿಂದುಗಳ ಓಣಿ, ಎಂದರೆ ಅರ್ಧ ಅಂಕ, ಉಳಿಯುತ್ತದೆ. ಇವುಗಳ ಸರಾಸರಿ ಒಂದೂಕಾಲು. ನಡೆಯ ಬೆಲೆ ಮುಕ್ಕಾಲು. ನಾಲ್ಕು ಬಿಂದುಗಳ ಓಣಿಯಲ್ಲಿ ನಡೆಯ ಬೆಲೆ ಒಂದು ಅಂಕದ ಎಂಟು ಪಾಲಿನಲ್ಲಿ ಏಳು ಪಾಲು. ಓಣಿ ಉದ್ದವಾದಂತೆಲ್ಲ ನಡೆಯ ಬೆಲೆ ಒಂದು ಅಂಕವನ್ನು ಸಮೀಪಿಸುತ್ತದೆಯೇ ಹೊರತು ಎಂದಿಗೂ ಮುಟ್ಟುವುದಿಲ್ಲ. ಇಂಥ ಓಣಿಗಳು ಮಾತ್ರ ಉಳಿದಿರುವಾಗ ಹೆಚ್ಚು ಉದ್ದವಾದುದನ್ನು ಮೊದಲು ಆಡಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇಲ್ಲಿ ದೊಡ್ಡ ನಡೆ ಮೊದಲೆಂಬ ಸೂತ್ರ ಸರಿಯಾಗಿಯೇ ದಾರಿ ತೋರಿಸುತ್ತದೆ. ತೊಡಕು ಕಾಣಿಸಿಕೊಳ್ಳುವುದು ಬೇರೆ ಜಾತಿಯ ನಡೆಯೊಂದು ಇವುಗಳ ಜೊತೆಗೆ ಸೇರಿದಾಗ.

೪. ಸೆಂತೆ ಮತ್ತು ಗೋತೆ

ಜಪಾನಿನ ಆಟಗಾರರು ನಡೆಗಳನ್ನು ಸೆಂತೆ, ಗೋತೆ ಎಂದು ಎರಡಾಗಿ ವಿಂಗಡಿಸುತ್ತಾರೆ. ಸೆಂತೆ ಎಂದರೆ ಮುಂದಿನ ಕೈ, ಗೋತೆ ಎಂದರೆ ಹಿಂದಿನ ಕೈ. ಎದುರಾಳಿಯ ಉತ್ತರವನ್ನು ಬಲಾತ್ಕಾರವಾಗಿ ಪಡೆದು, ಸರದಿಯನ್ನು ಮತ್ತೆ ತನ್ನಲ್ಲಿಯೇ ಉಳಿಸಿಕೊಳ್ಳುವ ನಡೆ ಸೆಂತೆ. ಲಾಭವನ್ನು ತಂದುಕೊಟ್ಟರೂ ಸರದಿಯನ್ನು ಎದುರಾಳಿಗೆ ಬಿಟ್ಟುಕೊಡುವ ನಡೆ ಗೋತೆ. ಮೇಲಿನ ಓಣಿಗಳೆಲ್ಲ ಗೋತೆಗೆ ಉದಾಹರಣೆ. ಒಬ್ಬನ ಸೆಂತೆಯ ಎಡೆಯಲ್ಲಿ ಎದುರಾಳಿಯೇ ಮುಂಚಿತವಾಗಿ ಆಡಿ ಆ ಹಕ್ಕನ್ನು ಕಸಿದುಕೊಂಡರೆ ಅದು ವಿಲೋಮ ಸೆಂತೆ. ಅಂಥ ನಡೆ ಸರದಿಯನ್ನು ವೆಚ್ಚಮಾಡುತ್ತದೆ. ಆದರೆ ಮತ್ತೊಬ್ಬನಿಗೆ ವೆಚ್ಚವಿಲ್ಲದೆ ಬರಬೇಕಾಗಿದ್ದ ಲಾಭವನ್ನು ಪೂರ್ತಿಯಾಗಿ ಅಳಿಸಿಹಾಕುತ್ತದೆ.

ಹೀಗಾಗಿ ಸೆಂತೆಯನ್ನು ಅಳೆಯಲು ಎರಡು ಸಂಖ್ಯೆಗಳು ಬೇಕು. ಉತ್ತರ ಬಾರದಿದ್ದರೆ ಆಗುವ ಅನಾಹುತವೆಷ್ಟು ಎಂಬುದು ಒಂದು. ಅದನ್ನು ಬೆದರಿಕೆಯ ಬೆಲೆ ಎನ್ನೋಣ. ಎದುರಾಳಿ ಮುಂಚಿತವಾಗಿ ಆಡಿದರೆ ಕಳೆದುಹೋಗುವ ಲಾಭವೆಷ್ಟು ಎಂಬುದು ಇನ್ನೊಂದು. ಅದು ವಿಲೋಮ ಸೆಂತೆಯ ಬೆಲೆ. ಸೆಂತೆಯ ಕಾಲ ಈ ಎರಡು ಸಂಖ್ಯೆಗಳ ನಡುವೆ ಅಡಗಿದೆ ಎಂಬುದೇ ಮುಂದಿನ ವಿಶ್ಲೇಷಣೆಯ ಸಾರ.

೫. ಸಮಸ್ಯೆ

ಹಲಗೆಯಲ್ಲಿ ನಾಲ್ಕು ಎಡೆಗಳು ಮಾತ್ರ ಇತ್ಯರ್ಥವಾಗದೆ ಉಳಿದಿವೆಯೆಂದೂ, ಉಳಿದ ಪ್ರದೇಶದಲ್ಲಿ ಇಬ್ಬರೂ ಸಮನಾಗಿರುವರೆಂದೂ, ಈಗ ಕಪ್ಪಿನ ಸರದಿಯೆಂದೂ ಭಾವಿಸೋಣ. ಅಂಕಗಳನ್ನೆಲ್ಲ ಕಪ್ಪಿನ ದೃಷ್ಟಿಯಿಂದ ಹೇಳುತ್ತೇವೆ. ಋಣಸಂಖ್ಯೆ ಬಿಳಿಯ ಲಾಭ.

ಕ: ಇದು ಕಪ್ಪಿನ ಸೆಂತೆ. ಕಪ್ಪು ಆಡಿ ಬಿಳಿ ಉತ್ತರ ಕೊಟ್ಟರೆ ೨ ಅಂಕ. ಬಿಳಿ ಉತ್ತರ ಕೊಡದೆ ಕಪ್ಪು ಮತ್ತೆ ಅಲ್ಲಿಯೇ ಆಡಿದರೆ ೧೬ ಅಂಕ. ಬಿಳಿಯೇ ಮೊದಲು ಆಡಿದರೆ ೦.

ಖ: ಗೋತೆ. ಕಪ್ಪು ಮೊದಲು ಆಡಿದರೆ +೮, ಬಿಳಿ ಮೊದಲು ಆಡಿದರೆ −೮.

ಗ: ಗೋತೆ. ಅದೇ ಪ್ರಕಾರ +೫ ಅಥವಾ −೫.

ಘ: ಗೋತೆ. +೩ ಅಥವಾ −೩.

ಖ, ಗ, ಘ ನಡೆಗಳ ಬೆಲೆ ಕ್ರಮವಾಗಿ ೮, ೫, ೩. ಕ ಎಡೆಯಲ್ಲಿ ಬಿಳಿಯ ಉತ್ತರದಿಂದ ಆಗುವ ವ್ಯತ್ಯಾಸ ೧೬ ಮತ್ತು ೨ರ ನಡುವಣ ೧೪; ಅದರ ಅರ್ಧವಾದ ೭ ಬೆದರಿಕೆಯ ಬೆಲೆ. ವಿಲೋಮ ಸೆಂತೆಯ ಬೆಲೆ ೨. ಕಪ್ಪು ಯಾವ ಕ್ರಮದಲ್ಲಿ ಆಡಬೇಕು?

೬. ಮೂರು ಕ್ರಮಗಳು

ಮೊದಲನೆಯ ಕ್ರಮ. ಸೆಂತೆಯನ್ನು ಮೊದಲು ಆಡಿ ಮುಗಿಸಬೇಕೆಂಬ ಸೂತ್ರವನ್ನು ನಂಬಿ ಕಪ್ಪು ಕೂಡಲೆ ಕ ಆಡುತ್ತದೆ ಎನ್ನೋಣ. ಬಿಳಿ ಉತ್ತರ ಕೊಟ್ಟರೆ ಕಪ್ಪಿಗೆ ೨ ಅಂಕವೂ ಸರದಿಯೂ ದೊರೆತು, ಖ ಕಪ್ಪಿಗೆ, ಗ ಬಿಳಿಗೆ, ಘ ಕಪ್ಪಿಗೆ ಸೇರುತ್ತವೆ: ೨+೮−೫+೩=೮. ಆದರೆ ಬಿಳಿ ಉತ್ತರ ಕೊಡಬೇಕೆಂಬ ಕಟ್ಟಳೆಯೇನೂ ಇಲ್ಲ. ಅದು ಬೆದರಿಕೆಯನ್ನು ಕಡೆಗಣಿಸಿ ಖ ಆಡುತ್ತದೆ. ಕಪ್ಪು ಕ ಎಡೆಯಲ್ಲಿ ೧೬ ಅಂಕಗಳನ್ನು ಕಿತ್ತುಕೊಳ್ಳುತ್ತದೆ. ಬಿಳಿ ಗ, ಕಪ್ಪು ಘ. ಮೊತ್ತ ೧೬−೮−೫+೩=೬. ಬಿಳಿ ಕ ಎಡೆಯಲ್ಲಿ ೧೪ ಅಂಕಗಳಷ್ಟು ನಷ್ಟವನ್ನನುಭವಿಸಿ, ಖ ಎಡೆಯಲ್ಲಿ ೧೬ ಅಂಕಗಳ ವ್ಯತ್ಯಾಸವನ್ನು ತನ್ನದಾಗಿಸಿಕೊಂಡಿದೆ. ಕಪ್ಪು ಸೆಂತೆಯೆಂದು ನಂಬಿ ಆಡಿದ ನಡೆ ಆ ಗಳಿಗೆಯಲ್ಲಿ ಸೆಂತೆಯೇ ಆಗಿರಲಿಲ್ಲ.

ಎರಡನೆಯ ಕ್ರಮ. ದೊಡ್ಡ ನಡೆ ಮೊದಲೆಂಬ ಸೂತ್ರದಂತೆ ಕಪ್ಪು ಖ ಆಡುತ್ತದೆ; ಬಿಳಿ ಗ ಆಡುತ್ತದೆ. ಈಗ ಉಳಿದಿರುವುವು ಕ ಮತ್ತು ಘ. ಘ ನಡೆಯ ಬೆಲೆ ೩. ಕ ಎಡೆಯಲ್ಲಿ ಪಣವಾಗಿರುವುದು ೨ ಮಾತ್ರ. ಪಟ್ಟಿಯನ್ನು ನೋಡಿಕೊಂಡು ಆಡುವವನು ಘ ಆಡುತ್ತಾನೆ. ಬಿಳಿ ತಡಮಾಡದೆ ಕ ಎಡೆಯನ್ನು ಮುಚ್ಚಿಬಿಡುತ್ತದೆ. ಮೊತ್ತ ೮−೫+೩+೦=೬. ಇಲ್ಲಿ ಸೆಂತೆಯ ಹಕ್ಕು ಕಪ್ಪಿನ ಕೈಯಲ್ಲಿದ್ದೂ ಕಾಲ ಮೀರಿ ನಷ್ಟವಾಯಿತು.

ಮೂರನೆಯ ಕ್ರಮ. ಕಪ್ಪು ಖ, ಬಿಳಿ ಗ. ಈಗ ಕಪ್ಪು ಕ ಆಡುತ್ತದೆ. ಹಲಗೆಯಲ್ಲಿ ಉಳಿದಿರುವ ಅತಿ ದೊಡ್ಡ ನಡೆಯ ಬೆಲೆ ೩, ಬೆದರಿಕೆಯ ಬೆಲೆ ೭. ಆದ್ದರಿಂದ ಬಿಳಿ ಉತ್ತರ ಕೊಡದೆ ವಿಧಿಯಿಲ್ಲ. ಕೊಡದೆ ಘ ಆಡಿದರೆ ಮೊತ್ತ ೮−೫−೩+೧೬, ಎಂದರೆ ೧೬ಕ್ಕೆ ಏರುತ್ತದೆ. ಉತ್ತರ ಬಂದಮೇಲೆ ಕಪ್ಪು ಘ ಆಡುತ್ತದೆ. ಮೊತ್ತ ೮−೫+೨+೩=೮.

ಕಪ್ಪು ಖ ಆಡಿದ ಬಳಿಕ ಬಿಳಿಗೆ ಗ ಅಲ್ಲದೆ ಬೇರೆ ಉತ್ತಮವಾದ ದಾರಿಯಿತ್ತೆ ಎಂಬ ಸಂದೇಹ ವಾಚಕರಿಗೆ ಬರಬಹುದು. ಬಿಳಿ ಆಗಲೇ ಕ ಎಡೆಯನ್ನು ಮುಚ್ಚಿದರೆ, ಗ ಕಪ್ಪಿಗೆ, ಘ ಬಿಳಿಗೆ ಹೋಗಿ ಮೊತ್ತ ೮+೦+೫−೩=೧೦. ಘ ಆಡಿದರೆ, ಕಪ್ಪು ಕ ಎಡೆಯಲ್ಲಿ ಉತ್ತರ ಪಡೆದು ಗ ಆಡುವುದರಿಂದ ಮೊತ್ತ ೮−೩+೨+೫=೧೨. ಎರಡೂ ಬಿಳಿಗೆ ಕೆಟ್ಟವು. ಹೀಗೆ ಇಬ್ಬರೂ ಸರಿಯಾಗಿ ಆಡಿದರೆ ಫಲ ೮.

ಇನ್ನು ಕೋಮಿಯನ್ನು ನೆನೆಯೋಣ. ೮ ಅಂಕ ಪಡೆದ ಕಪ್ಪು ಒಂದೂವರೆ ಅಂಕದಿಂದ ಗೆಲ್ಲುತ್ತದೆ; ೬ ಅಂಕ ಪಡೆದ ಕಪ್ಪು ಅರ್ಧ ಅಂಕದಿಂದ ಸೋಲುತ್ತದೆ. ಒಂದು ಸೂತ್ರ ನಂಬಿದವನನ್ನು ಅವಸರದಿಂದ ಕೆಡಿಸಿತು, ಇನ್ನೊಂದು ಸೂತ್ರ ವಿಳಂಬದಿಂದ ಕೆಡಿಸಿತು. ಆಡಿದ ಎಡೆ ಯಾವ ಕ್ರಮದಲ್ಲಿಯೂ ತಪ್ಪಾಗಿರಲಿಲ್ಲ, ತಪ್ಪಿದ್ದು ಕಾಲವೊಂದೇ.

೭. ನಿಯಮ

ಮೇಲಿನ ಲೆಕ್ಕದಿಂದ ಒಂದು ಸಾಮಾನ್ಯ ನಿಯಮವನ್ನು ಹೀಗೆ ನಿರೂಪಿಸಬಹುದು. ಹಲಗೆಯ ಬೇರೆಡೆಗಳಲ್ಲಿ ಉಳಿದಿರುವ ಅತಿ ದೊಡ್ಡ ನಡೆಯ ಬೆಲೆಯನ್ನು ಹಲಗೆಯ ತಾಪ ಎಂದು ಕರೆಯೋಣ. ಆಟ ಮುಂದುವರಿದಂತೆ ತಾಪ ಸಾಮಾನ್ಯವಾಗಿ ಇಳಿಯುತ್ತದೆ. ನಮ್ಮ ಸಮಸ್ಯೆಯಲ್ಲಿ ಅದು ೮, ೫, ೩, ೦ ಎಂದು ಇಳಿಯಿತು. ತಾಪವು ಬೆದರಿಕೆಯ ಬೆಲೆಗಿಂತ ಮೇಲಿರುವಾಗ ಸೆಂತೆಗೆ ಕಾಲ ಬಂದಿಲ್ಲ, ಏಕೆಂದರೆ ಎದುರಾಳಿ ಉತ್ತರ ಕೊಡನು. ತಾಪವು ವಿಲೋಮ ಸೆಂತೆಯ ಬೆಲೆಗಿಂತ ಕೆಳಗಿಳಿದ ಮೇಲೆ ಎದುರಾಳಿಗೆ ಆ ಎಡೆಯೇ ಹಲಗೆಯಲ್ಲೆಲ್ಲ ದೊಡ್ಡದಾಗಿ ಕಾಣುತ್ತದೆ. ಸರದಿ ಸಿಕ್ಕಿದೊಡನೆ ಅವನು ಅದನ್ನು ಮುಚ್ಚುತ್ತಾನೆ. ಆದ್ದರಿಂದ ಸೆಂತೆಯ ಕಾಲ ಒಂದು ಗಳಿಗೆಯಲ್ಲ, ಒಂದು ಅವಧಿ. ಇಲ್ಲಿ ತಾಪ ೭ಕ್ಕೂ ೨ಕ್ಕೂ ನಡುವೆ ಇರುವ ಅವಧಿ.

ಆ ಅವಧಿಯೊಳಗೆ ಬೇಗ ಆಡುವುದು ಮೇಲೋ, ತಡೆದು ಆಡುವುದು ಮೇಲೋ? ನಮ್ಮ ಲೆಕ್ಕದ ಮಟ್ಟಿಗೆ ಎರಡೂ ಒಂದೇ. ಆದರೆ ನಿಜವಾದ ಆಟದಲ್ಲಿ ತಡೆಯುವುದಕ್ಕೆ ಬಲವಾದ ಕಾರಣವೊಂದಿದೆ. ಒಂದು ಕಾಯಿಯನ್ನು ಸೆರೆಹಿಡಿದೊಡನೆ ಎದುರಾಳಿ ಅಲ್ಲಿಯೇ ಮರುಸೆರೆ ಹಿಡಿಯುವಂಥ ಸನ್ನಿವೇಶಕ್ಕೆ ಕೋ ಎಂದು ಹೆಸರು. ಇದು ಕೊನೆಯಿಲ್ಲದೆ ಪುನರಾವರ್ತನೆಯಾಗದಂತೆ, ಬೇರೆಡೆಯಲ್ಲಿ ಒಂದು ನಡೆ ಆಡಿದ ಬಳಿಕವೇ ಮರುಸೆರೆ ಹಿಡಿಯಬೇಕೆಂಬ ನಿಯಮವಿದೆ. ಆ ನಡೆ ಎದುರಾಳಿಯ ಉತ್ತರವನ್ನು ಬೇಡುವಂಥದಾಗಿರಬೇಕು, ಎಂದರೆ ಸೆಂತೆಯಾಗಿರಬೇಕು. ಆಡದೆ ಇಟ್ಟ ಸೆಂತೆ ಕೋ ಕಾಳಗಕ್ಕೆ ಕೂಡಿಟ್ಟ ಬಂಡವಾಳ. ಅದನ್ನು ಮೊದಲೇ ಆಡಿದವನು ಅಂಕವನ್ನು ಕಳೆದುಕೊಳ್ಳದಿದ್ದರೂ ಬಂಡವಾಳವನ್ನು ಕಳೆದುಕೊಳ್ಳುತ್ತಾನೆ. ಅನುಭವಿಗಳು ಅವಧಿ ಮುಗಿಯುವುದಕ್ಕೆ ಸ್ವಲ್ಪ ಮುಂಚಿನವರೆಗೂ ಕಾಯುವುದು ಇದರಿಂದಲೇ.

೮. ನಿಯಮದ ಮಿತಿ

ಈ ನಿಯಮವನ್ನು ಕಣ್ಣುಮುಚ್ಚಿ ಅನುಸರಿಸಬಹುದೆ? ಪರೀಕ್ಷಿಸುವುದಕ್ಕಾಗಿ ಸಮಸ್ಯೆಗೆ ಐದನೆಯ ಎಡೆಯೊಂದನ್ನು ಸೇರಿಸೋಣ. ಚ: ಗೋತೆ, +೧ ಅಥವಾ −೧. ಈಗ ಸರಿಯಾದ ಕ್ರಮದಲ್ಲಿ ಕೊನೆಯ ಚ ಬಿಳಿಗೆ ಹೋಗುತ್ತದೆ: ೮−೫+೨+೩−೧=೭. ಕಪ್ಪು ತಡಮಾಡಿ ಘ ಆಡಿದರೆ ಬಿಳಿ ಕ ಮುಚ್ಚುತ್ತದೆ, ಚ ಕಪ್ಪಿಗೆ ಬರುತ್ತದೆ: ೮−೫+೩+೦+೧=೭. ಫಲ ಒಂದೇ! ಸ್ವಲ್ಪ ಮುಂಚೆ ಆಟವನ್ನೇ ಸೋಲಿಸಿದ ತಪ್ಪಿಗೆ ಇಲ್ಲಿ ಶಿಕ್ಷೆಯಿಲ್ಲ. ಅಂಥದೇ ಎಡೆ ಇನ್ನೊಂದು ಸೇರಿ ಎರಡಾದರೆ, ಸರಿಯಾದ ಕ್ರಮದ ಫಲ ಮತ್ತೆ ೮, ತಡಮಾಡಿದ ಕ್ರಮದ ಫಲ ಮತ್ತೆ ೬.

ಕಾರಣ ಊಹಿಸಲು ಕಷ್ಟವಿಲ್ಲ. ಬೆಲೆಗಳೆಲ್ಲ ಸರಾಸರಿಗಳು; ಕಟ್ಟಕಡೆಯ ನಡೆ ಯಾರಿಗೆ ಸಿಕ್ಕುತ್ತದೆ ಎಂಬುದು ಸರಾಸರಿಯಲ್ಲಿ ಕಾಣುವುದಿಲ್ಲ. ಉಳಿದ ಎಡೆಗಳು ಹಲವಾಗಿದ್ದು ಅವುಗಳ ಬೆಲೆಗಳು ಸಣ್ಣ ಸಣ್ಣ ಅಂತರದಲ್ಲಿ ಇಳಿಯುತ್ತಿದ್ದರೆ ನಿಯಮವನ್ನು ಧೈರ್ಯದಿಂದ ನಂಬಬಹುದು. ಎಡೆಗಳು ಕೆಲವೇ ಉಳಿದು ಬೆಲೆಗಳ ನಡುವೆ ದೊಡ್ಡ ಅಂತರಗಳಿರುವಾಗ, ನಾವು ಮೇಲೆ ಮಾಡಿದಂತೆ ಕ್ರಮಗಳನ್ನು ಒಂದೊಂದಾಗಿ ಎಣಿಸಿ ನೋಡದೆ ಗತ್ಯಂತರವಿಲ್ಲ. ಎಡೆಗಳು ಕಡಮೆಯಾದಷ್ಟೂ ಎಣಿಕೆ ಸುಲಭವಾಗುತ್ತದೆಂಬುದು ಸಮಾಧಾನದ ಸಂಗತಿ.

೯. ಶಾಸ್ತ್ರದ ಬೆಳವಣಿಗೆ

ಸ್ವತಂತ್ರವಾದ ಹಲವು ಎಡೆಗಳ ಮೊತ್ತವಾಗಿ ಆಟವನ್ನು ಕಾಣುವ ಈ ದೃಷ್ಟಿ ಇಪ್ಪತ್ತನೆಯ ಶತಮಾನದಲ್ಲಿ ಗಣಿತಶಾಸ್ತ್ರದ ಒಂದು ಶಾಖೆಯಾಗಿಯೇ ಬೆಳೆಯಿತು. ಜಾನ್ ಮಿಲ್ನರ್ ೧೯೫೩ರಲ್ಲಿ ಇಂಥ ಮೊತ್ತಗಳನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಓಲೋಫ್ ಹ್ಯಾನರ್ ೧೯೫೯ರಲ್ಲಿ ಅವುಗಳ ಸರಾಸರಿ ಬೆಲೆಯ ವಿಚಾರವನ್ನು ಮುಂದುವರಿಸಿದರು. ಗೋ ಆಟದ ಅಂತ್ಯಘಟ್ಟವು ಸಣ್ಣ ಸಣ್ಣ ಆಟಗಳ ಮೊತ್ತವಾಗಿ ಒಡೆಯುವುದನ್ನು ಕೇಂಬ್ರಿಜ್‌ನಲ್ಲಿ ಗಮನಿಸಿದ ಜಾನ್ ಕಾನ್‌ವೇ ಅದರಿಂದ ಪ್ರೇರಿತರಾಗಿ ಸಂಖ್ಯೆಗಳ ಒಂದು ಹೊಸ ವ್ಯವಸ್ಥೆಯನ್ನೇ ಕಟ್ಟಿದರು. ಅವರ ಗ್ರಂಥ ೧೯೭೬ರಲ್ಲಿ ಹೊರಬಂದಿತು. ಎಲ್ವಿನ್ ಬರ್ಲೆಕ್ಯಾಂಪ್ ಮತ್ತು ಡೇವಿಡ್ ವುಲ್ಫ್ ೧೯೯೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಶಾಸ್ತ್ರವನ್ನು ಗೋ ಆಟಕ್ಕೆ ಮರಳಿ ಅನ್ವಯಿಸಿ, ನಾವು ಮೇಲೆ ಕಂಡಂಥ ಓಣಿಗಳಲ್ಲಿ ಕೊನೆಯ ಒಂದು ಅಂಕ ಯಾರಿಗೆ ಸೇರುವುದೆಂಬುದನ್ನು ಖಚಿತವಾಗಿ ಗಣಿಸುವ ವಿಧಾನವನ್ನು ತೋರಿಸಿದರು.

ಆದರೆ ಎಡೆಗಳು ಪರಸ್ಪರ ಸ್ವತಂತ್ರವಲ್ಲದಿದ್ದಾಗ ಈ ವಿಧಾನವನ್ನು ನೇರವಾಗಿ ಅನ್ವಯಿಸಲಾಗುವುದಿಲ್ಲ. ಇದಕ್ಕೆ ಹಳೆಯ ಪ್ರಸಿದ್ಧ ನಿದರ್ಶನವೊಂದಿದೆ. ಜಪಾನಿನ ಇನೋವೆ ಮನೆತನದ ದೋಸೆತ್ಸು ಇನ್ಸೆಕಿ ೧೭೧೩ರಲ್ಲಿ ಸಂಕಲಿಸಿದ ‘ಇಗೋ ಹತ್ಸುಯೋರೋನ್’ ಎಂಬ ಸಮಸ್ಯಾಸಂಗ್ರಹದಲ್ಲಿ, ಇಂದಿನ ಆವೃತ್ತಿಗಳಲ್ಲಿ ೧೨೦ ಎಂಬ ಸಂಖ್ಯೆಯನ್ನು ಹೊತ್ತ ಸಮಸ್ಯೆ ಹಲಗೆಯನ್ನೆಲ್ಲ ವ್ಯಾಪಿಸಿದೆ. ಅಲ್ಲಿ ಪರಸ್ಪರ ಸೆರೆಹಿಡಿಯಲು ಹೋರಾಡುವ ದೊಡ್ಡ ಗುಂಪುಗಳಿವೆ. ಅಂತ್ಯಘಟ್ಟದ ನಡೆಗಳೂ ಇವೆ. ಒಂದರ ಲೆಕ್ಕ ಇನ್ನೊಂದರ ಲೆಕ್ಕದೊಳಗೆ ಹೆಣೆದುಕೊಂಡಿದೆ. ನಡೆಯೊಂದು ಒಂದು ಸರದಿ ಮುಂಚಿತವಾಗಿಯೋ ತಡವಾಗಿಯೋ ಬಂದರೆ ಹೋರಾಟದ ಫಲವೇ ತಿರುವುಮುರುವಾಗಬಹುದು. ಅತ್ಯಂತ ಕಠಿನವೆಂದು ಹೆಸರಾದ ಈ ಸಮಸ್ಯೆಯ ಪರಿಹಾರಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ಹಿರಿಯ ಆಟಗಾರರು ಶ್ರಮಿಸಿದರು. ಅನಂತರ ಯೂರೋಪಿನ ಹವ್ಯಾಸಿಗಳೂ ವರ್ಷಗಟ್ಟಲೆ ದುಡಿದರು. ೨೦೧೯ರಲ್ಲಿ ಡೇವಿಡ್ ವು ಅವರು ತಾವು ರಚಿಸಿದ ‘ಕಾಟಾಗೋ’ ಎಂಬ ಗಣಕಯಂತ್ರದ ಕ್ರಮವಿಧಿಯನ್ನು ಇದೊಂದೇ ಸಮಸ್ಯೆಗಾಗಿ ವಿಶೇಷವಾಗಿ ಪಳಗಿಸಿ ಪರೀಕ್ಷಿಸಿದರು. ಮುನ್ನೂರು ವರ್ಷಗಳ ಹಿಂದಿನ ಸಮಸ್ಯೆಯೊಂದು ಈ ಕಾಲದ ಯಂತ್ರಕ್ಕೂ ವಿಶೇಷ ಸಿದ್ಧತೆಯನ್ನು ಬೇಡಿತೆಂಬುದು ಕಾಲನಿರ್ಣಯದ ತೊಡಕಿಗೆ ಸಾಕ್ಷಿ.

೧೦. ಉಪಸಂಹಾರ

ಒಂದು ನಡೆ ಎಷ್ಟು ದೊಡ್ಡದೆಂಬುದನ್ನು ಆ ಎಡೆಯೊಂದನ್ನೇ ನೋಡಿ ಹೇಳಬಹುದು. ಅದನ್ನು ಯಾವಾಗ ಆಡಬೇಕೆಂಬುದನ್ನು ಹಾಗೆ ಹೇಳಲಾಗದು. ನಮ್ಮ ಸಮಸ್ಯೆಯಲ್ಲಿ ಕ ಎಡೆಯ ಕಾಯಿಗಳಲ್ಲಿ ಒಂದೂ ಕದಲಲಿಲ್ಲ. ಆದರೂ ಖ ಆಡುವ ಮುನ್ನ ಅದು ಸೆಂತೆಯಾಗಿರಲಿಲ್ಲ, ಖ ಮುಗಿದ ಬಳಿಕ ಸೆಂತೆಯಾಯಿತು, ಘ ಮೊದಲು ಹೋದಾಗ ಎದುರಾಳಿಯ ಪಾಲಾಯಿತು. ದೂರದಲ್ಲಿ ಒಂದು ಅಂಕದ ಎಡೆಯೊಂದು ಹೆಚ್ಚಾದಾಗ ಅದರ ವಿಳಂಬದ ದೋಷವೂ ಅಳಿಸಿಹೋಯಿತು. ಕಾಲವೆಂಬುದು ನಡೆಯ ಗುಣವಲ್ಲ. ನಡೆಗೂ ಉಳಿದ ಹಲಗೆಗೂ ಇರುವ ಸಂಬಂಧ. ಈ ಮಾತನ್ನು ಮನಗಾಣಿಸಲು ನಾಲ್ಕು ಎಡೆಗಳ ಒಂದು ಲೆಕ್ಕ ಸಾಕಾಯಿತು. ವಿದ್ಯಾರ್ಥಿಗಳು ಖ ಎಡೆಯ ಬೆಲೆಯನ್ನು ೮ರಿಂದ ೬ಕ್ಕೆ ಇಳಿಸಿ ಮೂರು ಕ್ರಮಗಳನ್ನೂ ಮತ್ತೆ ಲೆಕ್ಕಮಾಡಿ ನೋಡಲಿ. ಆಗ ಕ ಎಡೆಯನ್ನು ಮೊದಲೇ ಆಡಿದವನಿಗೆ ಏನೂ ನಷ್ಟವಾಗುವುದಿಲ್ಲ. ಏಕೆಂಬುದನ್ನು ಅವರೇ ಕಂಡುಕೊಂಡರೆ ಈ ಲೇಖನದ ಉದ್ದೇಶ ನೆರವೇರಿದಂತೆ.